ಎದೆಮಟ್ಟದ ಕೆಳಗೆ ಮಕ್ಕಳ ಮನೆ

ಪ್ರಶ್ನೆ: ನಮ್ಮದು ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿ. ಸ್ವಲ್ಪ ಅಡಿಕೆ, ಸ್ವಲ್ಪ ರಬ್ಬರ್ ಇದೆ. ಕಳೆದ ವರ್ಷ ಹಳೆಯ ಹಂಚಿನ ಮನೆಯ ಪಕ್ಕದಲ್ಲೇ ಟೆರೇಸಿನ ಹೊಸ ಮನೆ ಕಟ್ಟಿದೆವು. ನೆಲಕ್ಕೆ ಬಿಳಿ ಟೈಲ್ಸ್, ಹಾಲ್‌ನಲ್ಲಿ ಗಾಜಿನ ಶೋಕೇಸ್, ಹೊಸ ಸೋಫಾ. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದೂವರೆ. ಬೆಳಿಗ್ಗೆ ಜೋಡಿಸಿಟ್ಟ ಮನೆ ಹತ್ತು ಗಂಟೆಗೆ ಸಂತೆಯಾಗಿರುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ತವರು ಬಂಟ್ವಾಳ, ಅತ್ತಿಗೆಯ ಮನೆ ಮೂಡುಬಿದಿರೆ. ಎರಡೂ ಕಡೆಯವರು ಬಂದಾಗ ನಾಚಿಕೆಯಾಗುತ್ತದೆ. ಸಣ್ಣ ಮಕ್ಕಳಿರುವ ಮನೆಯನ್ನು ಓರಣವಾಗಿ, ಅಂದವಾಗಿ ಇಡಲು ನಿಜಕ್ಕೂ ಸಾಧ್ಯವೇ? ಹಾಲ್‌ನಲ್ಲಿ ಟಿವಿ ಇರುವ ಗೋಡೆಗೆ ಕಪಾಟು ಮಾಡಿಸಬೇಕೆಂದಿದ್ದೇವೆ. ಆಚಾರಿಗೆ ಏನು ಹೇಳಲಿ?

ಉತ್ತರ: ಸಾಧ್ಯ. ಆದರೆ ಈಗಿನದಕ್ಕಿಂತ ಹೆಚ್ಚು ಗುಡಿಸುವುದರಿಂದ, ಹೆಚ್ಚು ಜೋಡಿಸುವುದರಿಂದ ಅಲ್ಲ. ನಿಮ್ಮ ಪತ್ರದಲ್ಲಿರುವ ವಸ್ತುಗಳನ್ನೇ ನೋಡಿ: ಬಿಳಿ ನೆಲ, ಗಾಜಿನ ಶೋಕೇಸ್, ಸೋಫಾ. ಮನೆ ಚೆಂದ ಕಾಣಲೆಂದು ನೀವು ಖರ್ಚು ಮಾಡಿದ್ದೆಲ್ಲ ನಿಮ್ಮ ಎದೆಮಟ್ಟದಿಂದ ಕೆಳಗಿದೆ. ನಿಮ್ಮ ಇಬ್ಬರು ಮಕ್ಕಳು ಬದುಕುತ್ತಿರುವುದೂ ಅದೇ ಎತ್ತರದಲ್ಲಿ. ಒಂದೂವರೆ ವರ್ಷದ ಮಗು ಕೈ ಎತ್ತಿದರೆ ಸುಮಾರು ಮೂರಡಿ ಮುಟ್ಟುತ್ತದೆ, ನಾಲ್ಕು ವರ್ಷದ್ದು ನಾಲ್ಕಡಿ. ಮುಟ್ಟುವುದು, ಎಳೆಯುವುದು, ಸುರಿಯುವುದು ಆ ವಯಸ್ಸಿನ ತಂಟೆಯಲ್ಲ, ಕೆಲಸ. ಡಬ್ಬಿ ಖಾಲಿ ಮಾಡಿ ಮತ್ತೆ ತುಂಬಿಸುವ ಮಗು ತೂಕ, ಗಾತ್ರ, ಒಳಗು, ಹೊರಗು ಎಲ್ಲವನ್ನೂ ಕಲಿಯುತ್ತಿರುತ್ತದೆ. ಆ ಕೆಲಸವನ್ನು ನಿಲ್ಲಿಸಲು ನಿಮ್ಮಿಂದಾಗದು, ಆಗಲೂಬಾರದು. ಹಾಗಾಗಿ ಎದೆಮಟ್ಟದಿಂದ ಕೆಳಗಿನ ಮನೆಯನ್ನು ಕೆಲವು ವರ್ಷ ಮಕ್ಕಳಿಗೆ ಬಿಟ್ಟುಕೊಡಿ. ನಿಮ್ಮ ಅಭಿರುಚಿ, ಅಲಂಕಾರ, ಷೋಕು ಎಲ್ಲವೂ ಅದರ ಮೇಲಿರಲಿ. ನನ್ನ ಉತ್ತರದ ತಿರುಳು ಇಷ್ಟೇ. ಉಳಿದದ್ದು ಇದನ್ನು ಮಾಡುವ ಬಗೆ.

ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಮುಂದಿನ ಸಲ ಅತ್ತಿಗೆಯ ಮನೆಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಮೂಡುಬಿದಿರೆಯ ಚೌಟರ ಅರಮನೆ ನೋಡಿ ಬನ್ನಿ. ಸಾವಿರ ಕಂಬದ ಬಸದಿಗೆ ಬಂದ ಎಷ್ಟೋ ಮಂದಿ ಇಲ್ಲಿಗೆ ಬಾರದೆ ಹಿಂದಿರುಗುತ್ತಾರೆ, ಅದು ನಷ್ಟ. ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರಿ ಕುಂಜರವಿದೆ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗವಿದೆ. ಅಷ್ಟು ಸೂಕ್ಷ್ಮವಾದ ಕೆತ್ತನೆ, ಆದರೆ ಮಗು ಹೋಗಿ ತಬ್ಬಿಕೊಂಡರೂ ಬೀಳುವಂಥದ್ದಲ್ಲ, ಒಡೆಯುವಂಥದ್ದಲ್ಲ. ಅಂದ ಮನೆಯ ಮೈಯಲ್ಲೇ ಇದೆ, ತಂದು ಇಟ್ಟದ್ದಲ್ಲ.

ನಿಮ್ಮ ಸುತ್ತಲಿನ ಗುತ್ತಿನ ಮನೆಗಳಲ್ಲೂ ಇದನ್ನೇ ಕಾಣುತ್ತೀರಿ. ಚಾವಡಿಯ ಮುಚ್ಚಿಗೆ, ಕಂಬದ ಬೋದಿಗೆ, ಬಾಗಿಲ ದಾರಂದ, ಇವುಗಳಿಗೆ ಹಲಸಿನ ಮರವನ್ನು ಬಳಸಿ ಆಚಾರಿಗಳು ತಮ್ಮ ಕೈಚಳಕವನ್ನೆಲ್ಲ ಸುರಿದರು. ನೆಲ ಮಾತ್ರ ಖಾಲಿ. ನೆಂಟರು ಬಂದಾಗ ಚಾಪೆ ಬಿಡಿಸುವುದು, ಬೆಲ್ಲ ನೀರು ಕೊಡುವುದು, ಅವರು ಎದ್ದ ಮೇಲೆ ಚಾಪೆ ಸುತ್ತಿ ಇಡುವುದು. ಹಾಸಿಗೆಯ ಸುರುಳಿ ನಾಗಂದಿಗೆಯ ಮೇಲೆ, ಭರಣಿ ಅಟ್ಟದಲ್ಲಿ, ಮೊಸರು ಸಿಕ್ಕದಲ್ಲಿ, ಭತ್ತ ಪತ್ತಾಯದಲ್ಲಿ. ಬೆಕ್ಕಿಗೂ ಇಲಿಗೂ ಸಿಗಬಾರದೆಂದು ಮಾಡಿದ ಏರ್ಪಾಡು ಮಕ್ಕಳ ಕೈಗೂ ಸಿಗದಂತೆ ಮಾಡಿತ್ತು. ಬಿ.ಸಿ.ರೋಡ್ ಬಳಿಯ ಸಂಚಯಗಿರಿಯಲ್ಲಿ ಪ್ರೊಫೆಸರ್ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳು ಬದುಕಿನ ವಸ್ತುಸಂಗ್ರಹವಿದೆ. ತವರಿಗೆ ಹೋದಾಗ ಅಲ್ಲಿಗೂ ಹೋಗಿ. ಒಂದು ಕುಟುಂಬ ಎಷ್ಟು ಬಗೆಯ ಸಾಮಾನುಗಳಿಂದ ಬದುಕುತ್ತಿತ್ತು, ಪ್ರತಿಯೊಂದಕ್ಕೂ ಎಂಥ ಅಚ್ಚುಕಟ್ಟಾದ ರೂಪವಿತ್ತು ಎಂಬುದನ್ನು ಕಣ್ಣಾರೆ ನೋಡಬಹುದು. ಅಂದದ ವಸ್ತು ಬೇರೆ, ಉಪಯೋಗದ ವಸ್ತು ಬೇರೆ ಎಂಬ ಭೇದ ಅಲ್ಲಿ ಕಾಣುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ನಿಮಗೆ ಅನ್ಯಾಯ ಮಾಡಿದಂತೆ. ಆ ದೊಡ್ಡ ಮನೆಗಳು ಓರಣವಾಗಿದ್ದದ್ದು ಕಟ್ಟಡದ ಗುಣದಿಂದ ಮಾತ್ರ ಅಲ್ಲ. ಕೂಡುಕುಟುಂಬದ ಅಜ್ಜಿ, ಚಿಕ್ಕಮ್ಮ, ಅಕ್ಕಂದಿರ ಕೈಗಳಿದ್ದವು. ಅಂಗಳದಾಚೆ ನಿಂತು ದುಡಿದು, ಒಳಗೆ ಕಾಲಿಡಲು ಅವಕಾಶವಿಲ್ಲದೆ ಹೋದವರ ಕೈಗಳೂ ಇದ್ದವು. ನಿಮ್ಮ ಹೊಸ ಮನೆಯಲ್ಲಿ ಹಗಲಿಡೀ ನಿಮ್ಮ ಎರಡೇ ಕೈ. ಅತ್ತೆಯವರ ಕಾಲದ ಮನೆ ಹೊಳೆಯುತ್ತಿತ್ತು ಎಂದು ಯಾರಾದರೂ ಹೇಳಿದರೆ ಅದನ್ನು ನಂಬಿ, ಆದರೆ ಅದನ್ನು ನಿಮ್ಮ ಅಳತೆಗೋಲು ಮಾಡಿಕೊಳ್ಳಬೇಡಿ. ಸಂಜೆ ಊಟಕ್ಕೆ ಮುಂಚೆ ಆಟಿಕೆ ಎತ್ತಿಡುವ ಕೆಲಸ ಮಕ್ಕಳ ಅಪ್ಪನದಾಗಲಿ. ಸಹಾಯ ಎಂದಲ್ಲ, ಅವರ ಪಾಲಿನ ಕೆಲಸ ಎಂದು. ಅಪ್ಪ ಬಗ್ಗಿ ಎತ್ತುವುದನ್ನು ನೋಡಿದ ನಾಲ್ಕು ವರ್ಷದ ಹುಡುಗ ತಾನೂ ಎತ್ತುತ್ತಾನೆ. ಅಮ್ಮ ಮಾತ್ರ ಎತ್ತುವುದನ್ನು ನೋಡಿದವನು ದೊಡ್ಡವನಾದ ಮೇಲೂ ಕಾದು ಕೂರುತ್ತಾನೆ.

ಈಗ ನಿಮ್ಮ ಹಂಚಿನ ಮನೆಯ ವಿಚಾರ. ನೀವು ಅದನ್ನು ಒಂದೇ ಮಾತಿನಲ್ಲಿ ದಾಟಿ ಹೋಗಿದ್ದೀರಿ, ನನಗೆ ಮಾತ್ರ ನಿಮ್ಮ ಆಸ್ತಿಯಲ್ಲೇ ಬೆಲೆಬಾಳುವುದು ಅದು ಎನ್ನಿಸುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಜಿಲ್ಲೆಯ ಮುಳಿಹುಲ್ಲಿನ ಮಾಡುಗಳೆಲ್ಲ ನಿಧಾನವಾಗಿ ಹಂಚಿನವಾದವು. ಮಾಡು ಬದಲಾದರೂ ಅದರ ಇಳಿಜಾರು, ಜಗಲಿಯ ಮೇಲೆ ಚಾಚಿಕೊಳ್ಳುವ ಅದರ ಉದ್ದ ಬದಲಾಗಲಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಮಕ್ಕಳು ನೆನೆಯದೆ, ಗಾಳಿ ಬೆಳಕಿನಲ್ಲಿ, ದೊಡ್ಡವರ ಕಣ್ಣೆದುರಿಗೇ ಆಡಿಕೊಂಡಿರಲು ಆ ಜಗಲಿಗಿಂತ ಒಳ್ಳೆಯ ಜಾಗವಿಲ್ಲ. ಹೊಸ ಮನೆಗಳಲ್ಲಿ ಜಗಲಿಯ ಬದಲಿಗೆ ಸಿಟೌಟ್ ಬಂತು. ನಾಲ್ಕು ಕುರ್ಚಿ ಹಾಕಿದರೆ ಅದು ತುಂಬಿತು. ಆಡುವ ಜಾಗ ಹೊರಗಿಲ್ಲದ ಮೇಲೆ ಆಟ ಹಾಲ್‌ಗೆ ಬಂತು. ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಹಾಲ್ ಸಂತೆಯಾಗುವುದು ಇದರಿಂದ, ನಿಮ್ಮ ಸೋಮಾರಿತನದಿಂದ ಅಲ್ಲ.

ಹಳೆಯ ಮನೆಯ ಜಗಲಿಯಲ್ಲಿ ಈಗ ಸೌದೆ, ಗೋಣಿಚೀಲ, ಹಳೆಯ ಸೈಕಲ್ ತುಂಬಿರಬಹುದು. ಅದನ್ನು ತೆರವು ಮಾಡಿಸಿ. ಜಾರಿದ ಹಂಚನ್ನು ಸರಿಮಾಡಿಸಿ, ಗೋಡೆಯ ಸಂದುಗಳನ್ನು ಮುಚ್ಚಿಸಿ, ಏಕೆಂದರೆ ಸೌದೆಯ ರಾಶಿಯಲ್ಲಿ ಹಾವು ಇರುವುದು ನಮ್ಮ ಕಡೆ ಅಪರೂಪವಲ್ಲ. ಅಂಗಳದ ಕಡೆಗೆ ಒಂದು ಸಣ್ಣ ಗೇಟು, ಬಾವಿಕಟ್ಟೆಯ ಮೇಲೆ ಕಬ್ಬಿಣದ ಬಲೆ. ಆಮೇಲೆ ಅದನ್ನು ಮಕ್ಕಳ ಮನೆ ಎಂದು ಘೋಷಿಸಿಬಿಡಿ. ಮಣ್ಣು, ನೀರು, ಬಣ್ಣ, ಗೋಡೆಗೆ ಗೀಚುವುದು, ಅಡಿಕೆ ಹಾಳೆಯಲ್ಲಿ ಒಬ್ಬರನ್ನೊಬ್ಬರು ಕೂರಿಸಿ ಎಳೆಯುವುದು, ಎಲ್ಲವೂ ಅಲ್ಲಿ. ಒಳಗೆ ಹಾಲ್‌ನಲ್ಲಿ ಬೇರೆ ಆಟ: ಪುಸ್ತಕ, ಮರದ ತುಂಡು, ಗೊಂಬೆ. ಜಾಗ ಬೇರೆ ಬೇರೆಯಾದರೆ ಸಣ್ಣ ಮಕ್ಕಳಿಗೂ ನಿಯಮ ಬೇಗ ಅರ್ಥವಾಗುತ್ತದೆ. 'ಇಲ್ಲಿ ಬೇಡ' ಎನ್ನುವುದಕ್ಕಿಂತ 'ಅಲ್ಲಿ ಹೋಗಿ ಮಾಡು' ಎನ್ನುವುದು ನಿಮಗೂ ಸುಲಭ, ಅವರಿಗೂ ಸುಲಭ.

ಬಿಳಿ ಟೈಲ್ಸ್‌ನ ಬಗ್ಗೆ ನಿಮ್ಮನ್ನು ಬೇಸರ ಪಡಿಸಲು ಇಷ್ಟವಿಲ್ಲ, ಹಾಕಿದ್ದಾಗಿದೆ. ಆದರೆ ನಿಮ್ಮ ಅಂಗಳದ ಮಣ್ಣು ಕೆಂಪು. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕೆಂಪು ಪ್ರತಿ ಪಾದದೊಂದಿಗೆ ಒಳಗೆ ಬರುತ್ತದೆ. ನಮ್ಮ ಹಿಂದಿನವರು ನೆಲಕ್ಕೆ ಕಾವಿ ಬಣ್ಣದ ರೆಡ್ ಆಕ್ಸೈಡ್ ಹಾಕಿಸಿದ್ದು ತಂಪಿಗೆ, ಕಡಿಮೆ ಖರ್ಚಿಗೆ ಹೌದು. ಅಂಗಳದ ಮಣ್ಣಿನ ಬಣ್ಣವೇ ನೆಲಕ್ಕೂ ಇದ್ದದ್ದರಿಂದ ಒಂದು ಹೆಜ್ಜೆ ಗುರುತು ಬಿದ್ದರೂ ಮನೆ ಕೊಳೆಯಾದಂತೆ ಕಾಣುತ್ತಿರಲಿಲ್ಲ. ಈಗ ನೀವು ಮಾಡಬಹುದಾದದ್ದು ಇಷ್ಟು. ಬಾಗಿಲ ಹೊರಗೆ ಕಾಲು ತೊಳೆಯುವ ನಲ್ಲಿ, ಅದರ ಪಕ್ಕದಲ್ಲಿ ತೆಂಗಿನ ನಾರಿನ ದಪ್ಪ ಕಾಲೊರಸು, ಒಳಗೆ ಇನ್ನೊಂದು ಹತ್ತಿಯದು. ಹಾಲ್‌ನ ನಡುವೆ, ಮಕ್ಕಳು ಕೂರುವಲ್ಲಿ, ಇಟ್ಟಿಗೆ ಬಣ್ಣದ ಅಥವಾ ಗಾಢ ಹಸಿರಿನ ದಪ್ಪ ಜಮಖಾನೆ. ಒದ್ದೆಯಾದಾಗ ಈ ಟೈಲ್ಸ್ ಜಾರುತ್ತದೆ ಕೂಡ. ಓಡಲು ಕಲಿಯುತ್ತಿರುವ ಮಗಳಿಗೆ ಆ ಜಮಖಾನೆ ಅಲಂಕಾರಕ್ಕಿಂತ ಹೆಚ್ಚಿನದು, ಆದರೆ ಅದರ ಅಡಿಯಲ್ಲಿ ಜಾರದ ಹಾಸು ಇರಲೇಬೇಕು.

ಸೋಫಾಕ್ಕೆ ತೆಗೆದು ಒಗೆಯಬಹುದಾದ ಹತ್ತಿಯ ಕವರ್ ಹೊಲಿಸಿ. ಮೂಡುಬಿದಿರೆಯಿಂದ ಕಿನ್ನಿಗೋಳಿಗೆ ಹೋದರೆ ತಾಳಿಪಾಡಿ ನೇಕಾರರ ಸಂಘವಿದೆ. ಉಡುಪಿ ಸೀರೆಯ ಮಗ್ಗಗಳನ್ನು ನಿಲ್ಲದಂತೆ ಉಳಿಸಿಕೊಂಡ ಜಾಗ ಅದು. ಆ ಸೀರೆಗಳ ಚೌಕಳಿ, ಅಂಚು, ಮಾಸದ ಸರಳ ಬಣ್ಣಗಳು ಕಿಟಕಿಯ ಪರದೆಗೂ ದಿಂಬಿನ ಚೀಲಕ್ಕೂ ಎಷ್ಟು ಒಪ್ಪುತ್ತವೆ ಎಂದರೆ, ಪೇಟೆಯಲ್ಲಿ ಸಿಗುವ ಹೊಳೆಯುವ ಪಾಲಿಯೆಸ್ಟರ್ ಪರದೆಯನ್ನು ಮತ್ತೆ ನೋಡಲು ಮನಸ್ಸಾಗದು. ಅಮ್ಮನ ಹಳೆಯ ಸೀರೆ ಇದ್ದರೆ ಹೊಸದನ್ನು ಕೊಳ್ಳುವುದೂ ಬೇಡ.

ಗೋಡೆಯ ಕೆಳಗಿನ ಮೂರು ನಾಲ್ಕು ಅಡಿಗೆ ಒರೆಸಬಹುದಾದ ಗಾಢ ಬಣ್ಣ ಹಚ್ಚಿಸಿ. ಹಳೆಯ ಶಾಲೆಗಳಲ್ಲಿ ಹೀಗಿರುವುದನ್ನು ನೋಡಿಯೇ ಇರುತ್ತೀರಿ. ಒಂದು ಕಡೆ ಅದೇ ಎತ್ತರಕ್ಕೆ ಕಪ್ಪುಹಲಗೆಯ ಬಣ್ಣ. ಅದರ ಮೇಲಿನ ಗೋಡೆ ಬಿಳಿಯೇ ಇರಲಿ, ಅಲ್ಲಿ ನಿಮ್ಮ ಆಯ್ಕೆಯ ಚಿತ್ರ, ಯಕ್ಷಗಾನದ ಕಿರೀಟ, ಅಜ್ಜನ ಕಾಲದ ಹಿತ್ತಾಳೆಯ ತೂಗುದೀಪ. ಕೆಂಪುಕಲ್ಲನ್ನು ಸಾರಣೆಯಿಲ್ಲದೆ ಹಾಗೇ ಬಿಡುವುದು ಈಗ ಎಲ್ಲರ ಆಸೆ. ಚೆಂದವೇ ಸರಿ, ಆದರೆ ಅದರ ಒರಟಿಗೆ ಮಕ್ಕಳ ಮೊಣಕೈ ತರಚುತ್ತದೆ, ಪುಡಿ ಉದುರುತ್ತದೆ. ಅದೂ ಎದೆಮಟ್ಟದ ಮೇಲೆಯೇ ಇರಲಿ. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ ನೋಡಿ. ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅಜ್ಜನ ಕಾಲದ ತೊಟ್ಟಿಲಿಗೆ, ಬಾಗಿಲಿಗೆ ಮೆತ್ತಿರುವ ಬಣ್ಣಕ್ಕೆ ಈ ಭರವಸೆ ಇಲ್ಲ. ಮಕ್ಕಳು ಮನೆಯಲ್ಲಿರುವಾಗ ಅದನ್ನು ಉಜ್ಜಿ ತೆಗೆಸಬೇಡಿ, ಆ ಧೂಳಿನಲ್ಲೇ ವಿಷವಿರುತ್ತದೆ.

ವಿಷದ ಮಾತು ಬಂತು. ನಿಮ್ಮ ಪತ್ರ ಓದುವಾಗ ನನಗೆ ಹೆಚ್ಚು ಚಿಂತೆಯಾದದ್ದು ನೆಂಟರ ಕಣ್ಣಿನ ಬಗ್ಗೆ ಅಲ್ಲ. ಅಡಿಕೆ, ರಬ್ಬರ್ ಇದೆ ಎಂದಿರಿ. ಹಾಗಾದರೆ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮದ್ದು ಬಿಡಲು ತಂದ ಮೈಲುತುತ್ತು ಮನೆಯಲ್ಲಿದೆ. ನೀಲಿ ಕಲ್ಲುಸಕ್ಕರೆಯಂತೆ ಹೊಳೆಯುವ ಅದನ್ನು ಯಾವ ಮಗು ತಾನೆ ಬಾಯಿಗಿಡದು? ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ಇರುತ್ತದೆ. ಅದನ್ನು ನೀರಿನ ಬಾಟಲಿಗೆ, ಜ್ಯೂಸಿನ ಬಾಟಲಿಗೆ ಸುರಿದಿಟ್ಟುಕೊಳ್ಳುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಒಂದು ಗುಟುಕು ಒಳಗೆ ಹೋದರೂ ಗಂಟಲು, ಅನ್ನನಾಳ ಸುಟ್ಟುಹೋಗುತ್ತದೆ. ಮನೆಯಲ್ಲಿ ಯಾರಾದರೂ ಬೀಡಿ ಕಟ್ಟುವವರಿದ್ದರೆ, ತಡ್ಪೆಯಲ್ಲಿ ಹರಡಿದ ಹೊಗೆಸೊಪ್ಪಿನ ಪುಡಿ ಅಂಬೆಗಾಲಿನ ಮಗುವಿನ ಬಾಯಿಯ ಎತ್ತರದಲ್ಲೇ ಇರುತ್ತದೆ. ಬೀಡಿ ಕಟ್ಟಿ ಸಂಸಾರ ನಡೆಸಿದ, ಮಕ್ಕಳನ್ನು ಓದಿಸಿದ ತಾಯಂದಿರು ಈ ಮೂರು ತಾಲೂಕುಗಳಲ್ಲಿ ಮನೆಮನೆಯಲ್ಲೂ ಇದ್ದಾರೆ. ಅವರ ಕೆಲಸಕ್ಕೆ ಗೌರವವಿಟ್ಟೇ ಹೇಳುತ್ತೇನೆ: ಅದಕ್ಕೆ ಮಕ್ಕಳು ಬಾರದ ಒಂದು ಮೂಲೆ, ಏಳುವಾಗ ತಡ್ಪೆಯನ್ನು ಎತ್ತಿಡಲು ಒಂದು ಎತ್ತರದ ಹಲಗೆ, ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳುವ ರೂಢಿ ಬೇಕೇಬೇಕು. ಇನ್ನು ಸುಲಿದ ಅಡಿಕೆಯ ಹೋಳು ನೆಲದಲ್ಲಿ ಉಳಿದರೆ ಉಸಿರುಗಟ್ಟಲು ಅಷ್ಟೇ ಸಾಕು.

ಇವು ಯಾವುವೂ ನಾಗಂದಿಗೆಯ ಮೇಲೆ ಇಟ್ಟರೆ ಸಾಲದು. ನಾಲ್ಕು ವರ್ಷದ ಹುಡುಗ ಕುರ್ಚಿ ಎಳೆದುಕೊಂಡು ಹತ್ತುತ್ತಾನೆ. ಮದ್ದು, ಆಸಿಡ್ ಮನೆಯಿಂದಲೇ ಹೊರಗೆ, ಬೀಗ ಹಾಕಿದ ಕೊಟ್ಟಿಗೆಯಲ್ಲಿ ಇರಲಿ, ಆ ಕೊಟ್ಟಿಗೆ ಮಕ್ಕಳಿಗೆ ಬಿಟ್ಟುಕೊಟ್ಟ ಜಗಲಿಗೆ ತಾಗಿಕೊಂಡಿರಬಾರದು. ಅಂದದ ಮನೆ ಎಂದು ಹೊರಟವರು ಮೊದಲು ಮಾಡಬೇಕಾದ ಓರಣ ಇದು.

ಮಳೆಗಾಲದ ಬಟ್ಟೆಗೆ ಮನೆಯೊಳಗೆ ಹಗ್ಗ ಕಟ್ಟಬೇಡಿ. ಅಷ್ಟು ತೇವ ಒಳಗೆ ಉಳಿದರೆ ಗೋಡೆಗೂ ಕಪಾಟಿಗೂ ಬೂಷ್ಟು ಹಿಡಿಯುತ್ತದೆ, ಮಕ್ಕಳಿಗೆ ಕೆಮ್ಮು ಹಿಡಿಯುತ್ತದೆ. ಹಳೆಯ ಮನೆಯ ಬಚ್ಚಲಲ್ಲಿ ಹಂಡೆಯ ಒಲೆ ಇನ್ನೂ ಉರಿಯುತ್ತಿದ್ದರೆ ಅದರ ಮೇಲ್ಭಾಗದಲ್ಲಿ, ಬೆಂಕಿಗೆ ಸಾಕಷ್ಟು ದೂರದಲ್ಲಿ ಬಿದಿರಿನ ಗಳ ಕಟ್ಟಿಸಿ. ಮಗುವಿನ ಬಟ್ಟೆ ಒಣಗಲು ಅದಕ್ಕಿಂತ ಬೆಚ್ಚನೆಯ ಜಾಗ ಬೇರಿಲ್ಲ. ಕಪಾಟಿನಲ್ಲಿ ನಾಫ್ತಲಿನ್ ನುಸಿಗುಳಿಗೆ ಇಡುವವರು ಈಗ ಬಿಡಿ. ಮಕ್ಕಳಿಗೆ ಅದು ಪೆಪ್ಪರ್‌ಮಿಂಟ್‌ನಂತೆ ಕಾಣುತ್ತದೆ. ಹುಟ್ಟಿನಿಂದ ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಿಗಂತೂ ನುಸಿಗುಳಿಗೆಯಲ್ಲಿಟ್ಟ ಬಟ್ಟೆಯ ಆವಿಯೇ ರಕ್ತಕ್ಕೆ ಹಾನಿ ಮಾಡಬಲ್ಲದು. ಬಿಸಿಲು ಬಿದ್ದ ದಿನ ಕಪಾಟಿನ ಬಾಗಿಲು ತೆರೆದಿಡಿ, ಬಟ್ಟೆ ಅರ್ಧಕ್ಕೆ ಇಳಿಸಿ. ತುಂಬಿದ ಕಪಾಟಿಗೇ ಬೂಷ್ಟು ಬೇಗ ಬರುವುದು.

ಆಟಿಕೆಗಳು ಅತಿಯಾಗಿವೆ ಎಂದು ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ಜಾತ್ರೆಯಲ್ಲಿ ಒಂದು, ಹುಟ್ಟುಹಬ್ಬಕ್ಕೆ ಹತ್ತು, ದುಬೈಯಿಂದ ಮಾವ ತಂದದ್ದು ಬೇರೆ. ಎಲ್ಲವನ್ನೂ ಹೊರಗಿಡಬೇಡಿ. ನಾಲ್ಕೈದನ್ನು ಮಾತ್ರ ಕೆಳಗೆ ಇಟ್ಟು ಉಳಿದದ್ದನ್ನು ಮೇಲೆ ಕಟ್ಟಿಡಿ, ಕೆಲವು ವಾರಕ್ಕೊಮ್ಮೆ ಬದಲಿಸಿ. ಹಳೆಯದು ಕೆಳಗಿಳಿದಾಗ ಮಕ್ಕಳಿಗೆ ಹೊಸದೇ ಆಗಿರುತ್ತದೆ. ಪ್ಲಾಸ್ಟಿಕ್ ಡಬ್ಬಗಳ ಬದಲಿಗೆ ಕೊರಗ ಸಮುದಾಯದವರು ಕಾಡುಬಳ್ಳಿಯಲ್ಲಿ ಹೆಣೆಯುವ ಬುಟ್ಟಿಗಳನ್ನು ತನ್ನಿ. ಬಳ್ಳಿಯ ಬುಟ್ಟಿ ಎಳೆದರೂ ಹರಿಯದು, ಒಳಗೆ ಮಗುವೇ ಕೂತರೂ ಮುರಿಯದು, ಹಾಲ್‌ನಲ್ಲಿಟ್ಟರೆ ಯಾವ ಶೋಪೀಸಿಗೂ ಕಡಿಮೆಯಿಲ್ಲ. ಚೌಕಾಸಿ ಮಾಡದೆ ಕೊಳ್ಳಿ. ಮುಚ್ಚಳವಿಲ್ಲದ ಬುಟ್ಟಿಗೆ ಒಂದೂವರೆ ವರ್ಷದ ಮಗುವೂ ಆಟಿಕೆ ಹಾಕಬಲ್ಲದು. ಓರಣ ಕಲಿಸುವುದೆಂದರೆ ಆ ವಯಸ್ಸಿಗೆ ಅಷ್ಟೇ. ಮಗ ಚಪ್ಪಲಿ ಜೋಡಿಸಬಲ್ಲ, ಸಣ್ಣ ಟವೆಲ್ ಮಡಚಬಲ್ಲ. ಸೊಟ್ಟಗೆ ಮಡಚಿದ್ದನ್ನು ಅವನ ಎದುರೇ ಬಿಡಿಸಿ ಮತ್ತೆ ಮಡಚಬೇಡಿ.

ನೆಂಟರ ವಿಚಾರಕ್ಕೆ ಒಂದೇ ಮಾತು. ಸ್ವಸಹಾಯ ಸಂಘದ ಸಭೆ ನಿಮ್ಮಲ್ಲಿದ್ದರೂ ಸರಿ, ಅತ್ತಿಗೆ ಬಂದರೂ ಸರಿ, ಮನೆ ಪೂರ್ತಿ ಹೊಳೆಯಬೇಕಾಗಿಲ್ಲ. ಸಿಟೌಟ್‌ಗೆ ಹಿಡಿಸೂಡಿ ಹಾಕಿ, ಹಾಲ್‌ನ ನೆಲದಲ್ಲಿದ್ದದ್ದನ್ನು ಬುಟ್ಟಿಗೆ ತುಂಬಿ, ಬಚ್ಚಲು ತೊಳೆದರೆ ಸಾಕು. ಕೋಣೆಗಳ ಬಾಗಿಲು ಮುಚ್ಚಿರಲಿ.

ಇನ್ನು ಆಚಾರಿ. ಪುಟ್ಟ ಮಕ್ಕಳ ಎತ್ತರಕ್ಕೆ ತಕ್ಕ ಕಪಾಟು, ಕುರ್ಚಿ ಬೇಕು ಎಂದು ಹಟಹಿಡಿದು ಮಾಡಿ ತೋರಿಸಿದವರು ಮರಿಯಾ ಮಾಂಟೆಸ್ಸೊರಿ, 1907ರಲ್ಲಿ ರೋಮ್‌ನ ಬಡವರ ಕೇರಿಯೊಂದರಲ್ಲಿ. 1939ರಲ್ಲಿ ಮದ್ರಾಸಿಗೆ ಬಂದು ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲೇ ಶಿಕ್ಷಕರಿಗೆ ಕಲಿಸುತ್ತ ಕಳೆದರು. ಅವರ ವಿಚಾರ ನಿಮ್ಮ ಆಚಾರಿಗೆ ಅರ್ಥವಾಗದ್ದಲ್ಲ. ಕಪಾಟಿನ ಕೆಳಗಿನ ಎರಡು ಅಂಕಣಗಳಿಗೆ ಬಾಗಿಲೂ ಬೇಡ, ಗಾಜೂ ಬೇಡ ಎನ್ನಿ. ಒಂದರಲ್ಲಿ ಬುಟ್ಟಿಗಳು. ಇನ್ನೊಂದರಲ್ಲಿ ಪುಸ್ತಕ, ಮುಖಪುಟ ಎದುರಿಗೆ ಕಾಣುವಂತೆ. ಮಕ್ಕಳ ಪುಸ್ತಕದ ಚಿತ್ರಕ್ಕಿಂತ ಚೆಂದದ ಅಲಂಕಾರ ಯಾವುದಿದೆ? 1874ರಲ್ಲಿ ನಿಮ್ಮ ತವರು ಬಂಟ್ವಾಳದಲ್ಲೇ ಹುಟ್ಟಿ, ಕನ್ನಡದ ಮಕ್ಕಳಿಗೆಂದೇ ಹಾಡು, ಕಥೆ ಬರೆದ ಪಂಜೆ ಮಂಗೇಶರಾಯರ ಪುಸ್ತಕ ಅಲ್ಲಿರಲಿ. ಹರಿದರೆ ಅಂಟಿಸಿದರಾಯಿತು. ಶೋಕೇಸಿನ ಗಾಜನ್ನು ತೆಗೆಸಿ, ಒಳಗಿರುವ ಪಿಂಗಾಣಿ, ಬಹುಮಾನದ ಕಪ್ಪುಗಳನ್ನು ಹೊಸ ಕಪಾಟಿನ ಮೇಲಿನ ಅಂಕಣಗಳಿಗೆ ಏರಿಸಿ. ಟಿವಿ ಮೇಜಿನ ಮೇಲೆ ನಿಲ್ಲುವುದು ಬೇಡ, ಗೋಡೆಗೆ ಕೂರಲಿ. ವಯರು ಒಂದೂ ನೇತಾಡಬಾರದು.

ಕಪಾಟು ಎಷ್ಟೇ ಭಾರವಿರಲಿ, ಅದನ್ನು ಗೋಡೆಗೆ ಬಿಗಿಯಲೇಬೇಕು. ಮಕ್ಕಳು ಅಂಕಣಗಳನ್ನು ಏಣಿ ಮಾಡಿಕೊಂಡು ಹತ್ತುತ್ತಾರೆ, ಕಪಾಟು ಮುಂದಕ್ಕೆ ಮಗುಚುತ್ತದೆ. ಕೆಂಪುಕಲ್ಲಿನ ಗೋಡೆ ಮೆದು, ಗಿಡ್ಡ ಮೊಳೆ ನಿಲ್ಲದು, ಉದ್ದದ ಆಂಕರ್ ಬೋಲ್ಟ್ ಹಾಕಲು ಹೇಳಿ. ಗೋಡೆಗೂ ಕಪಾಟಿನ ಬೆನ್ನಿಗೂ ನಡುವೆ ಮರದ ಪಟ್ಟಿ ಕೊಟ್ಟು ಒಂದು ಬೆರಳಷ್ಟು ಗಾಳಿಗೆ ಬಿಡಲಿ, ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ಹಿಂದಿನಿಂದ ಬೂಷ್ಟು, ಆಮೇಲೆ ಒರಲೆ. ಪ್ಲೈವುಡ್ ಅಗ್ಗವೆಂದು ಆಚಾರಿ ಹೇಳಿದರೆ, ಹಳೆಯ ಮನೆಯ ಅಟ್ಟದಲ್ಲಿ ಹಲಸಿನ ಹಲಗೆ ಉಳಿದಿದೆಯೇ ಎಂದು ಮೊದಲು ಹತ್ತಿ ನೋಡಲಿ. ಮೂಲೆಗಳನ್ನು ಗುಂಡಗೆ ಉಜ್ಜಿಸಿ. ಕೆಲಸ ನಡೆಯುವ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬಂಟ್ವಾಳಕ್ಕೆ ಹೋಗಿ, ಉಳಿ, ಮೊಳೆ, ಪಾಲಿಶ್ ಹರಡಿರುವ ಮನೆಯಲ್ಲಿ ಅವರಿರುವುದು ಬೇಡ.